ಕೇಸ್ ನಾನೂರು, ಬಡ್ಡಿ ನಾಲ್ಕು: ಕೊರೊನಾ ಜೊತೆ ಸರ್ಕಾರಗಳ ಸಾಲದ ಭಯ ಹಬ್ಬಿದ್ದು ಹೇಗೆ?

2020ರ ಮಾರ್ಚ್ 18ರಂದು ಜರ್ಮನಿಯಲ್ಲಿ ಕೊರೊನಾ ಕೇಸ್ ಆಗಲೇ ಹತ್ತು ಸಾವಿರ ದಾಟಿತ್ತು. ಗ್ರೀಸ್‌ನಲ್ಲಿ ನಾನೂರರ ಆಸುಪಾಸು, ಅಷ್ಟೇ. ರೋಗದ ಲೆಕ್ಕ ಹಿಡಿದರೆ ಜರ್ಮನಿಗೆ ಸಾಲ ಕೊಟ್ಟವರು ನಿದ್ದೆಗೆಡಬೇಕಿತ್ತು, ಅಲ್ವಾ? ಆದದ್ದು ಬೇರೆ. ಜರ್ಮನಿ ಸರ್ಕಾರಕ್ಕೆ ಹತ್ತು ವರ್ಷದ ಮಟ್ಟಿಗೆ ದುಡ್ಡು ಕೊಡಲು ಜನ ಸೊನ್ನೆಗಿಂತ ಕಡಿಮೆ ಬಡ್ಡಿಗೂ ಒಪ್ಪುತ್ತಿದ್ದರು. ಹೌದು, ನೂರು ಕೊಟ್ಟು ನೂರಕ್ಕಿಂತ ಕಡಿಮೆ ವಾಪಸ್ ಪಡೆಯುವ ವ್ಯವಹಾರ. ಗ್ರೀಸ್‌ಗೆ ಮಾತ್ರ ಶೇ 4ರ ಹತ್ತಿರ ಕೇಳುತ್ತಿದ್ದರು. ಬರೀ ಒಂದು ತಿಂಗಳ ಹಿಂದೆ, ಫೆಬ್ರವರಿಯಲ್ಲಿ, ಅದೇ ಗ್ರೀಸ್‌ಗೆ ಶೇ 1ರ ಆಸುಪಾಸಿಗೇ ಸಾಲ ಸಿಗುತ್ತಿತ್ತು.

ಅಂದರೆ ವೈರಸ್ ಹೋದ ದಾರಿ ಒಂದು, ಸಾಲದ ಭಯ ಹೋದ ದಾರಿ ಇನ್ನೊಂದು. ಆ ಎರಡನೇ ದಾರಿ ಯಾವುದು ಅಂತ ನೋಡೋಣ.

ಮೊದಲು ಒಂದು ಚಿಕ್ಕ ಲೆಕ್ಕ. ಇದು ತಲೆಗೆ ಹೋದರೆ ಉಳಿದದ್ದೆಲ್ಲ ಸಲೀಸು. ಸರ್ಕಾರಗಳು ಬಾಂಡ್ ಮಾರಿ ಸಾಲ ಎತ್ತುತ್ತವೆ. ಬಾಂಡ್ ಅಂದರೆ ನಮ್ಮೂರಲ್ಲಿ ಬರೆಸಿಕೊಳ್ಳುವ ಪ್ರೋನೋಟಿನ ದೊಡ್ಡಣ್ಣ: ಇಷ್ಟು ವರ್ಷ ಇಷ್ಟು ಬಡ್ಡಿ ಕೊಡುತ್ತೇನೆ, ಕೊನೆಗೆ ಅಸಲು ಕೊಡುತ್ತೇನೆ ಅಂತ. ವ್ಯತ್ಯಾಸ ಏನೆಂದರೆ ಈ ಪ್ರೋನೋಟನ್ನು ಕೊಂಡವರು ನಾಳೆ ಬೆಳಿಗ್ಗೆಯೇ ಬೇರೆಯವರಿಗೆ ಮಾರಬಹುದು. ನಿಮ್ಮ ಹತ್ತಿರ 100 ಯೂರೊದ, ಹತ್ತು ವರ್ಷದ ಒಂದು ಬಾಂಡ್ ಇದೆ ಅಂದುಕೊಳ್ಳಿ. ವರ್ಷಕ್ಕೆ 1 ಯೂರೊ ಬಡ್ಡಿ. ಈಗ ಪೇಟೆಯಲ್ಲಿ ಗಾಬರಿಯಾಗಿ, ಆ ಸರ್ಕಾರಕ್ಕೆ ಸಾಲ ಕೊಡಬೇಕಾದರೆ ಶೇ 2.4 ಬಡ್ಡಿ ಬೇಕು ಅಂತ ಜನ ಹೇಳತೊಡಗಿದರು. ಹೊಸ ಬಾಂಡಿಗೆ 2.4 ಸಿಗುವಾಗ ನಿಮ್ಮ 1 ಯೂರೊದ ಬಾಂಡನ್ನು ಪೂರ್ತಿ ನೂರು ಕೊಟ್ಟು ಯಾರು ಕೊಳ್ಳುತ್ತಾರೆ? ಲೆಕ್ಕ ಹಾಕಿದರೆ ಅದರ ಬೆಲೆ 88ಕ್ಕಿಂತಲೂ ಕೆಳಗೆ ಬರುತ್ತದೆ. ಸರ್ಕಾರ ಒಂದು ಕಂತನ್ನೂ ತಪ್ಪಿಸಿಲ್ಲ, ಆದರೂ ನಿಮ್ಮ ನೂರರಲ್ಲಿ ಹನ್ನೆರಡು ಹೋಯಿತು.

ಈ ಅಂಕಿಗಳನ್ನು ನಾನು ಸುಮ್ನೆ ಆರಿಸಲಿಲ್ಲ. ಇಟಲಿಯ ಹತ್ತು ವರ್ಷದ ಬಾಂಡಿಗೆ 2020ರ ಫೆಬ್ರವರಿಯಿಂದ ಮಾರ್ಚ್ ನಡುವೆ ಹೆಚ್ಚುಕಡಿಮೆ ಆದದ್ದೇ ಇದು.

ಸರ್ಕಾರಗಳ ಬಗ್ಗೆ ಇನ್ನೊಂದು ವಿಷಯ ಗೊತ್ತಿರಬೇಕು. ಸಾಮಾನ್ಯವಾಗಿ ಯಾವ ದೇಶವೂ ತನ್ನ ಸಾಲವನ್ನು ನಾವು ಮನೆ ಸಾಲ ತೀರಿಸುವ ಹಾಗೆ ತೀರಿಸಿ ಮುಗಿಸುವುದಿಲ್ಲ. ಹಳೇ ಬಾಂಡ್ ಅವಧಿ ಮುಗಿದರೆ ಹೊಸ ಬಾಂಡ್ ಮಾರಿ ಆ ದುಡ್ಡಿನಲ್ಲಿ ಹಳೆಯದನ್ನು ತೀರಿಸುತ್ತವೆ. ಹೀಗೇ ಉರುಳಿಸಿಕೊಂಡು ಹೋಗುತ್ತವೆ. ಚಕ್ರ ತಿರುಗುತ್ತಿರುವ ತನಕ ತೊಂದರೆ ಇಲ್ಲ. ಹೊಸ ಸಾಲಕ್ಕೆ ಬಡ್ಡಿ ಏರಿದರೆ ಹಳೇ ಸಾಲ ಉರುಳಿಸುವುದೂ ದುಬಾರಿ. ದುಬಾರಿಯಾದರೆ ತೀರಿಸುವ ಶಕ್ತಿಯ ಮೇಲೆ ಅನುಮಾನ, ಅನುಮಾನ ಬಂದರೆ ಬಡ್ಡಿ ಇನ್ನೂ ಜಾಸ್ತಿ. ಭಯಪಟ್ಟಿದ್ದಕ್ಕೇ ಭಯ ನಿಜವಾಗುವ ವ್ಯವಹಾರ ಇದು.

ಈಗ ಸಾಂಕ್ರಾಮಿಕ ಬಂತು. ಲಾಕ್‌ಡೌನ್ ಅಂದರೆ ಸರ್ಕಾರದ ತೆರಿಗೆ ಇಳಿಯಿತು, ಆಸ್ಪತ್ರೆ ಖರ್ಚು ಏರಿತು, ಕೆಲಸ ಹೋದವರಿಗೆ ದುಡ್ಡು ಕೊಡಬೇಕಾಯಿತು, ಮೇಲಿಂದ ದೇಶದ ಒಟ್ಟು ಆದಾಯವೇ ಕುಗ್ಗಿತು. ಸಾಲ ಮೇಲೆ, ಆದಾಯ ಕೆಳಗೆ. ಇಟಲಿಯ ಸಾಲ 2019ರಲ್ಲಿ ಜಿಡಿಪಿಯ ಶೇ 134ರ ಆಸುಪಾಸಿನಲ್ಲಿತ್ತು, ಒಂದೇ ವರ್ಷದಲ್ಲಿ ಶೇ 155ರ ಹತ್ತಿರಕ್ಕೆ ಹೋಯಿತು. ಭಾರತದ್ದು, ಕೇಂದ್ರ ರಾಜ್ಯ ಎರಡೂ ಸೇರಿ, ಶೇ 90ರ ಸಮೀಪಕ್ಕೆ.

ಆದರೆ ಇಲ್ಲೊಂದು ತಕರಾರು ತೆಗೆಯಬೇಕು. ಊರಿಗೆಲ್ಲ ಮಳೆ ಬಂದು ಎಲ್ಲರೂ ನೆನೆದರೆ ಅದನ್ನು ಅಂಟುರೋಗ ಅಂತೀವಾ? ಇಲ್ಲ ತಾನೇ. ಕೊರೊನಾ ಎಲ್ಲ ದೇಶಗಳ ಮೇಲೂ ಸುರಿಯಿತು, ಹಾಗಾಗಿ ಎಲ್ಲರ ಸಾಲವೂ ಏರಿತು. ಇದು ಮಳೆ. ಒಂದು ದೇಶದ ಸಾಲದ ಭಯ ಇನ್ನೊಂದು ದೇಶಕ್ಕೆ *ಹಬ್ಬಿತು* ಅನ್ನಬೇಕಾದರೆ ಅದು ಪಕ್ಕದವನ ಒದ್ದೆ ಬಟ್ಟೆಯಿಂದ ನಮಗೂ ತೇವ ಹತ್ತಿದಂತೆ ಇರಬೇಕು. ಪೇಪರ್‌ಗಳಲ್ಲಿ, ಟಿವಿಯಲ್ಲಿ ಈ ಎರಡನ್ನೂ ಕಲಸಿ ಒಂದೇ ಮುದ್ದೆ ಮಾಡಿಬಿಡುತ್ತಾರೆ. 2020ರಲ್ಲಿ ಎರಡೂ ಆದವು, ನಿಜ. ಗ್ರೀಸ್‌ನ ಶೇ 4 ಮಾತ್ರ ಬರೀ ಮಳೆಯಿಂದ ಬಂದದ್ದಲ್ಲ.

ಶುರುವಾದದ್ದು ಇಟಲಿಯಿಂದ. ಫೆಬ್ರವರಿ 21ರ ಹೊತ್ತಿಗೆ ಲೊಂಬಾರ್ಡಿಯ ಕೊದೊನ್ಯೊ ಎಂಬ ಪುಟ್ಟ ಊರಲ್ಲಿ ಸ್ಥಳೀಯ ಸೋಂಕು ಪತ್ತೆಯಾಯಿತು, ಮಾರ್ಚ್ 9ರಂದು ಇಡೀ ದೇಶಕ್ಕೆ ಲಾಕ್‌ಡೌನ್ ಘೋಷಣೆಯಾಯಿತು. ಮಾರ್ಚ್ 12ರಂದು ಫ್ರಾಂಕ್‌ಫರ್ಟ್‌ನಲ್ಲಿ ಯುರೋಪಿಯನ್ ಸೆಂಟ್ರಲ್ ಬ್ಯಾಂಕಿನ ಅಧ್ಯಕ್ಷೆ ಕ್ರಿಸ್ಟೀನ್ ಲಗಾರ್ಡ್ ಪತ್ರಿಕಾಗೋಷ್ಠಿ ನಡೆಸುತ್ತಿದ್ದರು. ಇಟಲಿಯ ಬಡ್ಡಿಗೂ ಜರ್ಮನಿಯ ಬಡ್ಡಿಗೂ ಇರುವ ಅಂತರವನ್ನು ಪೇಟೆಯವರು ಸ್ಪ್ರೆಡ್ ಅಂತಾರೆ. ಆ ಸ್ಪ್ರೆಡ್ ಮುಚ್ಚುವುದು ನಮ್ಮ ಕೆಲಸವಲ್ಲ ಎಂಬ ಅರ್ಥದ ಒಂದು ಮಾತು ಅವರ ಬಾಯಿಂದ ಬಂತು. ಇಟಲಿಯ ಬಡ್ಡಿ ಅಲ್ಲೇ ಜಿಗಿಯಿತು. ಮಿಲಾನ್ ಷೇರುಪೇಟೆ ಆ ಒಂದೇ ದಿನ ಶೇ 17ರಷ್ಟು ಬಿತ್ತು, ಅದರ ಇತಿಹಾಸದಲ್ಲೇ ದೊಡ್ಡ ಕುಸಿತ. ಅವತ್ತೇ ಅವರು ಟಿವಿ ಸಂದರ್ಶನದಲ್ಲಿ ತೇಪೆ ಹಾಕಲು ನೋಡಿದರು, ಅಷ್ಟರಲ್ಲಿ ಮಾತು ಊರು ಸುತ್ತಿ ಆಗಿತ್ತು.

ಆ ಮಾತಿಗೆ ಯಾಕೆ ಅಷ್ಟು ತೂಕ? ಯೂರೊ ಬಳಸುವ ದೇಶಗಳಿಗೆ ನೋಟು ಅಚ್ಚು ಹಾಕುವ ಅಧಿಕಾರ ಸ್ವಂತದ್ದಲ್ಲ. ಅಮೆರಿಕಕ್ಕೆ ಫೆಡ್ ಅನ್ನುವ ಕೇಂದ್ರ ಬ್ಯಾಂಕ್ ಇದೆ, ನಮಗೆ ರಿಸರ್ವ್ ಬ್ಯಾಂಕ್ ಇದೆ. ಇಟಲಿಗೆ, ಸ್ಪೇನ್‌ಗೆ, ಗ್ರೀಸ್‌ಗೆ ಆಗ ಇದ್ದದ್ದು ಹತ್ತೊಂಬತ್ತು ಮನೆಗಳಿಗೆ ಸೇರಿದ ಒಂದೇ ಬ್ಯಾಂಕು. 2012ರಲ್ಲಿ ಅದೇ ಬ್ಯಾಂಕಿನ ಆಗಿನ ಮುಖ್ಯಸ್ಥ ಮಾರಿಯೊ ದ್ರಾಗಿ, ಯೂರೊ ಉಳಿಸಲು ಏನು ಬೇಕಾದರೂ ಮಾಡುತ್ತೇವೆ ಅಂತ ಹೇಳಿದ್ದೇ ತಡ, ಸಾಲ ಕೊಟ್ಟವರು ಅದನ್ನು ಜಾಮೀನು ಪತ್ರದ ಹಾಗೆ ಜೇಬಲ್ಲಿಟ್ಟುಕೊಂಡಿದ್ದರು. ಎಂಟು ವರ್ಷ ಆದ ಮೇಲೆ ಜಾಮೀನುದಾರನೇ ಬಂದು ‘ಅದು ನನ್ನ ತಲೆನೋವಲ್ಲ’ ಅಂದರೆ ಹೇಗಿರುತ್ತದೆ?

ಇಲ್ಲಿಂದ ಭಯ ಗ್ರೀಸ್‌ಗೆ ಹೋಯಿತು. ಇಟಲಿಯಲ್ಲಿ ಆದದ್ದನ್ನು ನೋಡಿದ ಹೂಡಿಕೆದಾರ ಕೇಳುವ ಮೊದಲ ಪ್ರಶ್ನೆ, ಇದೇ ಥರ ಇನ್ಯಾರಿದ್ದಾರೆ? ಸಾಲ ಜಾಸ್ತಿ, ಪ್ರವಾಸಿಗರ ಮೇಲೆ ಬದುಕು, ನೋಟು ಅಚ್ಚು ಹಾಕುವ ಹಾಗಿಲ್ಲ. ಪಟ್ಟಿಯ ಮೇಲ್ಗಡೆಯೇ ಗ್ರೀಸ್ ಕಾಣುತ್ತದೆ. ಗ್ರೀಸ್ ನಿನ್ನೆಗಿಂತ ಇವತ್ತು ಒಂದು ಪೈಸೆ ಜಾಸ್ತಿ ಸಾಲ ಮಾಡಿರಬೇಕಿಲ್ಲ. ಬೀದಿಯ ಒಂದು ಚೀಟಿ ಮುಳುಗಿದ ಸುದ್ದಿ ಬಂದ ಸಂಜೆ ಉಳಿದ ಚೀಟಿ ನಡೆಸುವವರ ಮನೆ ಮುಂದೆಯೂ ಜನ ಸೇರುತ್ತಾರಲ್ಲ, ಅದೇ. ಮೇಲಾಗಿ, ಯುರೋಪಿನ ಆ ಬ್ಯಾಂಕು ಅದಕ್ಕೂ ಮುಂಚೆ ನಡೆಸುತ್ತಿದ್ದ ಬಾಂಡ್ ಖರೀದಿಯಲ್ಲಿ ಗ್ರೀಸ್‌ನ ಬಾಂಡ್‌ಗಳಿಗೆ ಜಾಗವೇ ಇರಲಿಲ್ಲ, ರೇಟಿಂಗ್ (ಸಾಲ ತೀರಿಸುವ ಶಕ್ತಿಗೆ ಕೊಡುವ ಅಂಕ) ಕಡಿಮೆ ಅಂತ. ಜಾಮೀನು ಎಲ್ಲರಿಗಿಂತ ತೆಳುವಾಗಿದ್ದದ್ದು ಅದಕ್ಕೇ, ಎಲ್ಲರಿಗಿಂತ ಜೋರಾಗಿ ಏಟು ಬಿದ್ದದ್ದೂ ಅದಕ್ಕೇ.

ಇನ್ನೊಂದು ಕೊಂಡಿ ಬ್ಯಾಂಕುಗಳದ್ದು. ಇಟಲಿಯ ಬ್ಯಾಂಕುಗಳ ಆಸ್ತಿಯಲ್ಲಿ ನೂರಕ್ಕೆ ಹತ್ತರಷ್ಟು ಅವರದೇ ಸರ್ಕಾರದ ಬಾಂಡ್‌ಗಳಾಗಿದ್ದವು. ಮೇಲೆ ಹಾಕಿದ ಲೆಕ್ಕ ನೆನಪಿಸಿಕೊಳ್ಳಿ, ನೂರು ಎಂಬತ್ತೆಂಟಾದರೆ ಬ್ಯಾಂಕಿನ ಬಂಡವಾಳಕ್ಕೇ ತೂತು. ಬ್ಯಾಂಕ್ ಮುಳುಗಿದರೆ ಎತ್ತುವವರು ಯಾರು? ಸರ್ಕಾರ. ಸರ್ಕಾರವೇ ತೇಲಲು ಒದ್ದಾಡುತ್ತಿದೆ. ಈಜು ಬರದ ಇಬ್ಬರು ಒಬ್ಬರ ಕುತ್ತಿಗೆ ಇನ್ನೊಬ್ಬರು ಹಿಡಿದುಕೊಂಡ ಹಾಗೆ. ಇನ್ನು ಇಟಲಿಯ ಬಾಂಡ್‌ಗಳು ಇಟಲಿಯಲ್ಲೇ ಇರಬೇಕು ಅಂತೇನಿಲ್ಲ, ಬೇರೆ ದೇಶದ ಬ್ಯಾಂಕುಗಳ ಕಪಾಟಿನಲ್ಲೂ ಇರುತ್ತವೆ, ಅಲ್ಲಿಂದ ಆ ದೇಶದ ಸರ್ಕಾರದ ತಲೆಗೆ.

ಮಾರ್ಚ್ 18ರ ರಾತ್ರಿ ಸೆಂಟ್ರಲ್ ಬ್ಯಾಂಕ್ ತುರ್ತು ಸಭೆ ಸೇರಿತು. 75,000 ಕೋಟಿ ಯೂರೊ ಮೊತ್ತದ ಬಾಂಡ್ ಖರೀದಿ ಘೋಷಿಸಿತು, ಈ ಸಲ ಗ್ರೀಸ್‌ನದ್ದೂ ಕೊಳ್ಳುತ್ತೇವೆ ಅಂತ ಸೇರಿಸಿ. ಆಮೇಲೆ ಅದನ್ನು ಹಂತಹಂತವಾಗಿ 1.85 ಲಕ್ಷ ಕೋಟಿಗೆ ಏರಿಸಿದರು. ಕೆಲವೇ ದಿನಗಳಲ್ಲಿ ಗ್ರೀಸ್, ಇಟಲಿ ಎರಡರ ಬಡ್ಡಿಯೂ ಧಡ್ಡನೆ ಇಳಿಯಿತು. ಗಮನಿಸಿ, ಅಷ್ಟರಲ್ಲಿ ಇಟಲಿಯ ಒಂದು ರೂಪಾಯಿ ಸಾಲವೂ ಕಡಿಮೆಯಾಗಿರಲಿಲ್ಲ. ಕೇಸ್ ದಿನೇ ದಿನೇ ಏರುತ್ತಲೇ ಇತ್ತು. ಬದಲಾದದ್ದು ಒಂದೇ, ಹಿಂದೆ ನಿಂತವರು ಯಾರು ಅನ್ನುವುದು. ಜುಲೈನಲ್ಲಿ ಯುರೋಪಿನ ಒಕ್ಕೂಟವೇ ತನ್ನ ಹೆಸರಲ್ಲಿ ಸಾಲ ಎತ್ತಿ ಸದಸ್ಯ ದೇಶಗಳಿಗೆ ಹಂಚಲು ಒಪ್ಪಿದ ಮೇಲಂತೂ ಈ ಭಯ ಮಲಗಿಯೇ ಬಿಟ್ಟಿತು. ಆ ವರ್ಷದ ಕೊನೆಗೆ ಇಟಲಿಗೆ ಹತ್ತು ವರ್ಷದ ಸಾಲ ಶೇ 0.6ಕ್ಕಿಂತ ಕಡಿಮೆ ಬಡ್ಡಿಗೆ ಸಿಗುತ್ತಿತ್ತು.

ಯುರೋಪಿನ ಕಥೆ ಸುಖಾಂತ್ಯ. ಈಗ ಹಿಂದೆ ಯಾರೂ ನಿಲ್ಲದವರ ಕಥೆ.

ಬಡ ದೇಶಗಳು, ಮಧ್ಯಮ ವರ್ಗದ ದೇಶಗಳು ಹೊರಗಿನಿಂದ ಸಾಲ ತರುವುದು ಹೆಚ್ಚಾಗಿ ಡಾಲರ್‌ನಲ್ಲಿ. ಕೊಡುವವರು ಯಾರು ಅಂದರೆ ನ್ಯೂಯಾರ್ಕ್, ಲಂಡನ್‌ನಲ್ಲಿ ಕೂತ ಫಂಡ್‌ಗಳು. ಒಂದೇ ಫಂಡಿನ ಬುಟ್ಟಿಯಲ್ಲಿ ಬ್ರೆಜಿಲ್, ಘಾನಾ, ಶ್ರೀಲಂಕಾ, ಈಕ್ವಡಾರ್, ಜಾಂಬಿಯಾ ಎಲ್ಲ ಇರುತ್ತವೆ. 2020ರ ಮಾರ್ಚ್‌ನಲ್ಲಿ ಆ ಫಂಡಿಗೆ ದುಡ್ಡು ಹಾಕಿದ್ದವರು ಗಾಬರಿಯಾಗಿ ವಾಪಸ್ ಕೇಳಿದರು. ಫಂಡ್ ಮ್ಯಾನೇಜರ್ ಏನು ಮಾಡುತ್ತಾನೆ? ಯಾವ ದೇಶ ಕೆಟ್ಟದ್ದು ಅಂತ ಕೂತು ಯೋಚಿಸುವ ಪುರುಸೊತ್ತು ಅವನಿಗಿಲ್ಲ, ಕೊಳ್ಳುವವರು ಸಿಕ್ಕಿದ್ದನ್ನು ಮಾರುತ್ತಾನೆ, ಹೆಚ್ಚಾಗಿ ಒಳ್ಳೆಯದೇ ಮೊದಲು ಮಾರಾಟವಾಗುತ್ತದೆ. ಎರಡು ದೇಶಗಳ ನಡುವೆ ವ್ಯಾಪಾರ ಇಲ್ಲ, ಗಡಿ ಇಲ್ಲ, ವಿಮಾನವೂ ಇಲ್ಲ. ಆದರೂ ಒಂದರ ಭಯ ಇನ್ನೊಂದಕ್ಕೆ ತಗುಲುತ್ತದೆ, ಬುಟ್ಟಿ ಒಂದೇ ಆದ್ದರಿಂದ. ಆ ಒಂದು ತಿಂಗಳಲ್ಲಿ ಇಂಥ ದೇಶಗಳ ಷೇರು, ಬಾಂಡ್‌ಗಳಿಂದ ಹೊರಹೋದ ದುಡ್ಡು ಸುಮಾರು 8,300 ಕೋಟಿ ಡಾಲರ್. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅತ್ಯಂತ ಅನ್ಯಾಯದ ಕೊಂಡಿ ಇದೇ.

ಭಾರತವೂ ಇದರಿಂದ ತಪ್ಪಿಸಿಕೊಳ್ಳಲಿಲ್ಲ. ಆ ಮಾರ್ಚ್‌ನಲ್ಲಿ ವಿದೇಶಿ ಹೂಡಿಕೆದಾರರು ಇಲ್ಲಿಂದ ಒಂದು ಲಕ್ಷ ಕೋಟಿ ರೂಪಾಯಿಗೂ ಜಾಸ್ತಿ ಎತ್ತಿಕೊಂಡು ಹೋದರು, ಡಾಲರ್ 76 ರೂಪಾಯಿ ಮುಟ್ಟಿತು, ಜೂನ್ 1ರಂದು ರೇಟಿಂಗ್ ಕೊಡುವ ಕಂಪನಿ ಮೂಡೀಸ್ ನಮ್ಮ ರೇಟಿಂಗ್ ಇಳಿಸಿ ‘ಹೂಡಿಕೆಗೆ ಯೋಗ್ಯ’ ಎಂಬ ಸಾಲಿನ ಕಟ್ಟಕಡೆಯ ಮೆಟ್ಟಿಲಿಗೆ ತಂದು ನಿಲ್ಲಿಸಿತು. ಆದರೂ ನಮ್ಮ ಸರ್ಕಾರ ಸಾಲ ತೀರಿಸುತ್ತದೋ ಇಲ್ಲವೋ ಅಂತ ಯಾರೂ ಗಂಭೀರವಾಗಿ ಕೇಳಲಿಲ್ಲ. ನಾವು ಜಾಣರು ಅಂತಲ್ಲ. ನಮ್ಮ ಸರ್ಕಾರದ ಸಾಲ ಬಹುಪಾಲು ರೂಪಾಯಿಯಲ್ಲಿದೆ, ಕೊಟ್ಟವರು ನಮ್ಮದೇ ಬ್ಯಾಂಕುಗಳು, ಎಲ್‌ಐಸಿ, ಪಿಎಫ್. ಬೆಂಗಳೂರಿನ ಯಾವುದೋ ಆಫೀಸಿನಲ್ಲಿ ತಿಂಗಳಾ ತಿಂಗಳಾ ಸಂಬಳದಿಂದ ಮುರಿದ ಪಿಎಫ್ ದುಡ್ಡಿನಲ್ಲಿ ಒಂದು ಪಾಲು ಸರ್ಕಾರದ ಬಾಂಡಿಗೇ ಹೋಗುತ್ತದೆ, ಅಂದರೆ ಇದನ್ನು ಓದುತ್ತಿರುವ ನೀವೇ ಸಾಲಗಾರರಲ್ಲ, ಸಾಲ ಕೊಟ್ಟವರು. ಗಾಬರಿಯಾಗಿ ಎತ್ತಿಕೊಂಡು ಓಡುವ ಹಾಗಿಲ್ಲ!

ಜಾಂಬಿಯಾಕ್ಕೆ ಆ ಅದೃಷ್ಟ ಇರಲಿಲ್ಲ. ತಾಮ್ರ ಮಾರಿ ಬದುಕುವ ದೇಶ. ಸಾಂಕ್ರಾಮಿಕಕ್ಕೂ ಮೊದಲೇ ಸಾಲದ ಹೊರೆ ಜಾಸ್ತಿಯಾಗಿತ್ತು, ಅದನ್ನು ಮುಚ್ಚಿಡುವುದು ಬೇಡ. ಡಾಲರ್ ಬಾಂಡ್‌ಗಳೇ 300 ಕೋಟಿ ಡಾಲರ್‌ನಷ್ಟು, ಅದರ ಮೇಲೆ ಚೀನಾದ ಸಾಲ. 2020ರ ಅಕ್ಟೋಬರ್ 14ಕ್ಕೆ ಒಂದು ಬಾಂಡಿನ ಬಡ್ಡಿ ಕಂತು, 4.25 ಕೋಟಿ ಡಾಲರ್, ಕಟ್ಟಬೇಕಿತ್ತು. ವರ್ಷದ ಶುರುವಿನಲ್ಲಿ ಒಂದು ಡಾಲರ್‌ಗೆ 14 ಕ್ವಾಚಾ (ಅಲ್ಲಿನ ನಾಣ್ಯ) ಇತ್ತು, ಅಂದರೆ ಆ ಕಂತು 59.5 ಕೋಟಿ ಕ್ವಾಚಾ. ಅಕ್ಟೋಬರ್ ಹೊತ್ತಿಗೆ ಡಾಲರ್ 20 ಕ್ವಾಚಾ. ಅದೇ ಕಂತು 85 ಕೋಟಿ. ಸಾಲ ಬೆಳೆದಿಲ್ಲ, ಬಡ್ಡಿ ದರ ಬದಲಾಗಿಲ್ಲ, ಕಂತು ಮಾತ್ರ ಶೇ 40ಕ್ಕೂ ಹೆಚ್ಚು ದಪ್ಪವಾಗಿದೆ, ಅದೂ ತೆರಿಗೆ ಬರದ ವರ್ಷದಲ್ಲಿ.

ಆರು ತಿಂಗಳು ಟೈಮ್ ಕೊಡಿ ಅಂತ ಜಾಂಬಿಯಾ ಕೇಳಿತು. ಬಾಂಡ್ ಇಟ್ಟುಕೊಂಡವರು ನವೆಂಬರ್ 13ರಂದು ಆಗಲ್ಲ ಅಂದರು. ಅವರ ಅನುಮಾನ ಚೀನಾದ ಮೇಲೆ: ನಾವು ಬಿಟ್ಟುಕೊಟ್ಟ ದುಡ್ಡಿನಲ್ಲಿ ನೀವು ಅವರ ಸಾಲ ತೀರಿಸುವುದಿಲ್ಲ ಅಂತ ಏನು ಗ್ಯಾರಂಟಿ? ಇದು ಊರ ಪಂಚಾಯ್ತಿಯಲ್ಲಿ ನೋಡಿದ ಜಗಳದ ಹಾಗೇ ಇದೆ, ಇಬ್ಬರು ಸಾಲಿಗರು, ಒಂದೇ ಹಸು, ಮೊದಲು ಹಗ್ಗ ಬಿಡುವವನು ಪೆದ್ದ. ಗಡುವು ಮುಗಿಯಿತು, ಕಂತು ತಪ್ಪಿತು. ಸಾಂಕ್ರಾಮಿಕ ಶುರುವಾದ ಮೇಲೆ ಆಫ್ರಿಕಾದಲ್ಲಿ ಹೀಗೆ ಕಂತು ತಪ್ಪಿಸಿದ ಮೊದಲ ದೇಶ ಅಂತ ಜಾಂಬಿಯಾ ಹೆಸರಾಯಿತು.

ಸಹಾಯ ಇರಲಿಲ್ಲವೇ? ಇತ್ತು. ಜಿ20 ದೇಶಗಳು 73 ಬಡ ದೇಶಗಳಿಗೆ, ನಮಗೆ ಕೊಡಬೇಕಾದ ಕಂತನ್ನು ಸದ್ಯಕ್ಕೆ ಕಟ್ಟಬೇಡಿ, ಆಮೇಲೆ ಕಟ್ಟಿ ಅಂದವು. ಕೇಳಲು ಚೆನ್ನಾಗಿದೆ. ಆದರೆ ಖಾಸಗಿ ಸಾಲಿಗರು ಆ ಮಾತಿಗೆ ಕಟ್ಟುಬೀಳಬೇಕಿರಲಿಲ್ಲ. ಮೇಲಾಗಿ ಹಾಗೆ ಟೈಮ್ ಕೇಳಿದ ದೇಶಗಳನ್ನು, ಇಥಿಯೋಪಿಯಾ, ಪಾಕಿಸ್ತಾನ, ಕ್ಯಾಮರೂನ್ ಮುಂತಾದವನ್ನು, ಮೂಡೀಸ್ ರೇಟಿಂಗ್ ಇಳಿಸುವ ಪರಿಶೀಲನೆಗೆ ಹಾಕಿತು. ಔಷಧಿ ಅಂಗಡಿಗೆ ಹೋದದ್ದನ್ನು ನೋಡಿಯೇ ಇವನಿಗೆ ರೋಗ ಇದೆ ಅಂತ ಊರೆಲ್ಲ ಸಾರಿದ ಹಾಗಾಯಿತು. ಕೊನೆಗೆ ಅರ್ಹತೆ ಇದ್ದ 73ರಲ್ಲಿ 48 ದೇಶಗಳು ಮಾತ್ರ ಸೇರಿದವು, ಮುಂದೆ ಹೋದ ಕಂತು ಒಟ್ಟು 1,290 ಕೋಟಿ ಡಾಲರ್. 2021ರ ಆಗಸ್ಟ್‌ನಲ್ಲಿ ಐಎಂಎಫ್ ಜಗತ್ತಿಗೆಲ್ಲ 65,000 ಕೋಟಿ ಡಾಲರ್ ಮೌಲ್ಯದ ಮೀಸಲು ಹಂಚಿತು, ಆದರೆ ಹಂಚುವುದು ಐಎಂಎಫ್‌ನಲ್ಲಿ ಆಯಾ ದೇಶಕ್ಕಿರುವ ಪಾಲಿನ ಪ್ರಕಾರ, ಹಾಗಾಗಿ ಇಡೀ ಆಫ್ರಿಕಾಕ್ಕೆ ಸಿಕ್ಕಿದ್ದು 3,300 ಕೋಟಿ.

ಡಾಲರ್ ವಿಷಯದಲ್ಲೂ ಇದೇ ಕಥೆ. 2020ರ ಮಾರ್ಚ್ 19ರಂದು ಅಮೆರಿಕದ ಫೆಡ್ ಇನ್ನೂ ಒಂಬತ್ತು ದೇಶಗಳ ಕೇಂದ್ರ ಬ್ಯಾಂಕುಗಳಿಗೆ, ನಿಮಗೆ ಡಾಲರ್ ಬೇಕಾದರೆ ಕೇಳಿ, ಕೊಡುತ್ತೇವೆ ಅಂತ ಬಾಗಿಲು ತೆರೆಯಿತು. ಬ್ರೆಜಿಲ್, ಮೆಕ್ಸಿಕೊ, ಕೊರಿಯಾ ಆ ಪಟ್ಟಿಯಲ್ಲಿದ್ದವು. ಜಾಂಬಿಯಾ, ಶ್ರೀಲಂಕಾ ಬಿಡಿ, ಭಾರತವೂ ಇರಲಿಲ್ಲ.

ಶ್ರೀಲಂಕಾದ್ದು ನಿಧಾನವಾಗಿ ಏರಿದ ಜ್ವರ. 2018ರಲ್ಲಿ 23 ಲಕ್ಷ ಪ್ರವಾಸಿಗರು ಬಂದು ಹತ್ತಿರ ಹತ್ತಿರ 440 ಕೋಟಿ ಡಾಲರ್ ಬಿಟ್ಟುಹೋಗಿದ್ದರು. 2019ರ ಈಸ್ಟರ್ ದಿನದ ಬಾಂಬ್ ದಾಳಿ ಒಂದು ಏಟು, ಅದೇ ವರ್ಷದ ಕೊನೆಗೆ ಹೊಸ ಸರ್ಕಾರ ಮಾಡಿದ ಭಾರೀ ತೆರಿಗೆ ಕಡಿತ ಇನ್ನೊಂದು, 2020ರಲ್ಲಿ ಕೊರೊನಾ ಮೂರನೆಯದು. 2021ರಲ್ಲಿ ಬಂದ ಪ್ರವಾಸಿಗರು ಎರಡು ಲಕ್ಷವೂ ಇಲ್ಲ. ಡಾಲರ್ ಬರುವ ನಲ್ಲಿಯೇ ಬಂದ್. ರೇಟಿಂಗ್ ಇಳಿಯುತ್ತಾ ಹೋಗಿ ಹೊಸ ಬಾಂಡ್ ಮಾರುವ ದಾರಿ ಮುಚ್ಚಿತು, ಚಕ್ರ ನಿಂತಿತು. ಆದರೂ ಮರ್ಯಾದೆ ಉಳಿಸಿಕೊಳ್ಳಲು 2022ರ ಜನವರಿಯಲ್ಲಿ, ಖಜಾನೆ ತಳ ಕಾಣುತ್ತಿದ್ದಾಗಲೂ, 50 ಕೋಟಿ ಡಾಲರ್‌ನ ಒಂದು ಬಾಂಡ್ ತೀರಿಸಿದರು. ಮೂರು ತಿಂಗಳಿಗೆ ಪೆಟ್ರೋಲ್ ಕ್ಯೂ, ಗ್ಯಾಸ್ ಕ್ಯೂ, ಪರೀಕ್ಷೆಗೆ ಪೇಪರ್ ಇಲ್ಲ. ಏಪ್ರಿಲ್ 12ರಂದು ಇನ್ನು ವಿದೇಶಿ ಸಾಲ ಕಟ್ಟಲಾಗುವುದಿಲ್ಲ ಅಂತ ಕೈಚೆಲ್ಲಿದರು. ಆ ವರ್ಷ ಭಾರತ ಕೊಟ್ಟ ನೆರವು ಸುಮಾರು 400 ಕೋಟಿ ಡಾಲರ್. ಪಕ್ಕದ ಮನೆಯವರು ಜಾಮೀನಿಗೆ ಬಂದರು ಅನ್ನಿ, ಆದರೆ ಅಷ್ಟೊತ್ತಿಗೆ ತಡವಾಗಿತ್ತು.

2021ರ ಮಾರ್ಚ್‌ನಲ್ಲಿ, ಆ ಶೇ 4ರ ದಿನ ಕಳೆದು ಒಂದು ವರ್ಷಕ್ಕೆ, ಗ್ರೀಸ್ ಮೂವತ್ತು ವರ್ಷದ ಬಾಂಡ್ ಮಾರಿತು. ಅದರ ಸಾಲ ಆಗ ಜಿಡಿಪಿಯ ಎರಡು ಪಟ್ಟು ದಾಟಿತ್ತು. ಬಡ್ಡಿ ಶೇ 2ಕ್ಕಿಂತ ಕಡಿಮೆ, ಕೊಳ್ಳುವವರು ಮುಗಿಬಿದ್ದರು. ಜಿಡಿಪಿ ಲೆಕ್ಕದಲ್ಲಿ ಗ್ರೀಸ್‌ಗಿಂತ ಕಡಿಮೆ ಸಾಲ ಇದ್ದ ಜಾಂಬಿಯಾ ಬಾಂಡ್ ಇಟ್ಟುಕೊಂಡವರ ಜೊತೆ ಲೆಕ್ಕ ಚುಕ್ತಾ ಮಾಡಿಕೊಂಡದ್ದು 2024ರ ಜೂನ್‌ನಲ್ಲಿ, ಆ 4.25 ಕೋಟಿಯ ಕಂತು ತಪ್ಪಿ ಮೂರೂವರೆ ವರ್ಷ ಕಳೆದ ಮೇಲೆ.